ಬರೀ ನೀರಿನ ಸಾಲು

"ಡಬ್ಬಿ ಅದಲುಬದಲು ಮಾಡಿದ್ದೀರಿ. ಒಪ್ಪಿಕೊಂಡ್ಬಿಡಿ."

ಅಷ್ಟು ದಿನ ಫೋನಿನಲ್ಲಿ ಮಾತ್ರ ಪರಿಚಯವಿದ್ದವನನ್ನು ಮೊದಲ ಸಲ ಕಂಡಾಗ ಅವಳ ಬಾಯಿಂದ ಬಂದ ಮಾತು ಇದು. ಪ್ರಯೋಗಾಲಯದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಕೈಗವಸು ಕಳಚಿ, ಅವಳತ್ತ ಒಂದು ಸ್ಟೂಲು ಸರಿಸಿದ. ಅವಳು ಕೂರಲಿಲ್ಲ.

ಅವಳು ಪುರಾತತ್ತ್ವ ಸಂಶೋಧಕಿ. ಸಾವಿರಾರು ವರ್ಷಗಳ ಹಿಂದೆ ಸುಟ್ಟು ಕರಕಲಾದ ಬಾರ್ಲಿ ಕಾಳುಗಳಿಂದ, ಅವನ್ನು ಬೆಳೆದವರು ಹೊಲಕ್ಕೆ ಗೊಬ್ಬರ ಹಾಕಿದ್ದರೇ ಎಂದು ತಿಳಿಯುವುದು ಅವಳ ಕೆಲಸ. ಕೊಟ್ಟಿಗೆ ಗೊಬ್ಬರ ಉಂಡ ಪೈರಿನ ಕಾಳಿನಲ್ಲಿ ಸಾರಜನಕದ ಭಾರದ ಐಸೊಟೋಪ್ ಹೆಚ್ಚಿರುತ್ತದೆ. ಹೋಲಿಸಿ ನೋಡಲು ಅವಳೇ ಮನೆಯ ಹಿಂದೆ ಬಾರ್ಲಿ ಬೆಳೆದಿದ್ದಳು. ಒಂದು ಸಾಲಿಗೆ ಗೊಬ್ಬರ, ಇನ್ನೊಂದಕ್ಕೆ ಬರೀ ನೀರು. ಆ ಬರೀ ನೀರಿನ ಸಾಲೇ ಅವಳ ಅಳತೆಗೋಲು.

ಎರಡೂ ಸಾಲಿನ ಕಾಳನ್ನು ಬೇರೆ ಬೇರೆ ಡಬ್ಬಿಯಲ್ಲಿ ತುಂಬಿ, ಅಳೆಯಲು ಅವನ ಪ್ರಯೋಗಾಲಯಕ್ಕೆ ಕಳಿಸಿದ್ದಳು. ಈಗ ಅವನ ವರದಿಯಲ್ಲಿ ಬರೀ ನೀರಿನ ಸಾಲಿನಲ್ಲೂ ಭಾರದ ಸಾರಜನಕ ಏರಿತ್ತು. ಅಳತೆಗೋಲೇ ಸುಳ್ಳಾದರೆ ಪ್ರಬಂಧ ಮಣ್ಣುಪಾಲು...

ಕಾಫಿಗೆ ಸಕ್ಕರೆಯನ್ನೂ ತೂಗಿ ಹಾಕಿಕೊಳ್ಳುವವನೆಂದು ಅವನನ್ನು ಎಲ್ಲರೂ 'ತಕ್ಕಡಿ' ಎನ್ನುತ್ತಿದ್ದರು. ಮತ್ತೊಮ್ಮೆ ಅಳೆಯುತ್ತೇನೆ ಎಂದಷ್ಟೇ ಹೇಳಿದ. ವಾರದ ಬಳಿಕ ಫೋನು ಬಂತು.

"ಅದೇ ಬಂದಿದೆ. ನಿಮಗೆ ಬೇಜಾರಾಗುತ್ತೆ ಅಂತ ಬೇರೆ ಹೇಳೋಕಾಗಲ್ಲ."

ಎಂಥ ಕಲ್ಲು ಮನುಷ್ಯ! ಈ ದನಿ ಕೇಳಲೆಂದೇ ಇಲ್ಲದ ಅನುಮಾನ ಹುಟ್ಟಿಸಿಕೊಂಡು ಫೋನು ಮಾಡುತ್ತಿದ್ದೆನಲ್ಲ... ಅವಳಿಗೆ ಊಟ ಸೇರಲಿಲ್ಲ.

ಬಸ್ ಓಡಿಸಿ ನಿವೃತ್ತರಾದ ಅಪ್ಪ ಏನಾಯಿತೆಂದು ವಿಚಾರಿಸಿದರು. ಅವಳು ಹೇಳುತ್ತ ಹೋದಂತೆ ಅವರ ಮುಖ ಸಣ್ಣದಾಯಿತು.

"ಪುಟ್ಟೀ... ನೀನು ಅಗೆತದ ಜಾಗಕ್ಕೆ ಹೋಗಿದ್ಯಲ್ಲ, ಆಗ ಆ ಸಾಲು ನೋಡಿ ಕರುಳು ಚುರುಕ್ ಅಂತು. ಪಕ್ಕದ್ದು ಸೊಂಪಾಗಿದೆ, ಇದು ಬಡಕಲು. ಒಂದೇ ಮನೇಲಿ ಇದೇನು ಮಲತಾಯಿ ಧೋರಣೆ? ಎರಡು ಬುಟ್ಟಿ ಗೊಬ್ಬರ ಹಾಕ್ಬಿಟ್ಟೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ಜನರ ಮುಂದೆ ಅವನ ತಲೆಗೆ ತಪ್ಪು ಕಟ್ಟಿ ಬಂದಿದ್ದಳು!

ಮರುದಿನ ಅಷ್ಟೇ ಜನರ ಮುಂದೆ ನಿಂತು, ತಪ್ಪಾದದ್ದು ತನ್ನ ಮನೆಯಲ್ಲಿ ಎಂದಳು. ಅಪ್ಪನ ಕರುಣೆಯ ಕಥೆ ಕೇಳಿ ಪ್ರಯೋಗಾಲಯವೆಲ್ಲ ನಕ್ಕಿತು. ತಕ್ಕಡಿ ನಗಲಿಲ್ಲ. ಮತ್ತೆ ಸ್ಟೂಲು ಸರಿಸಿದ. ಈ ಸಲ ಅವಳು ಕೂತಳು.

"ಅಂದ್ರೆ, ಯಾರೋ ಅಕ್ಕರೆಯಿಂದ ಹಾಕಿದ ಎರಡು ಬುಟ್ಟಿ ಗೊಬ್ಬರವೂ ಕಾಳಿನಲ್ಲಿ ಉಳಿಯುತ್ತೆ," ಎಂದ ಅವನು. "ಇದು ಕೆಟ್ಟ ಸುದ್ದಿ ಅಲ್ಲ."

ಹೌದಲ್ಲ... ಅಳತೆ ಸುಳ್ಳಾಡಿರಲಿಲ್ಲ. ಬೇರೆ ಜಾಗದಲ್ಲಿ ಹೊಸ ಸಾಲು ಬಿತ್ತಿದರಾಯಿತು. ಪ್ರಬಂಧ ಒಂದು ಬೆಳೆಯಷ್ಟು ತಡವಾದೀತು, ಅಷ್ಟೇ.

"ನಾನು ಊರಲ್ಲಿಲ್ಲದಾಗ ನಮ್ಮಪ್ಪನಿಂದ ಆ ಸಾಲನ್ನ ಕಾಯೋಕೆ ಒಬ್ರು ಬೇಕು," ಎಂದಳು ನೆಲ ನೋಡುತ್ತ.

"ಒಂದು ಬೆಳೆಗಾ?"

"ಒಂದು ಬೆಳೆಗೆ ಸಾಲಲ್ಲ."

ಅವನು ಮೇಜಿನ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದ. ಮಾತನ್ನೂ ತೂಗುತ್ತಿದ್ದನೇನೋ.

"ನಿಮ್ಮ ಇಲ್ಲದ ಅನುಮಾನದ ಫೋನಿಗೆ ನಾನೂ ಕಾಯ್ತಿದ್ದೆ. ನೀವಂದ್ರೆ ನಂಗಿಷ್ಟ. ನಂಬಿಕೆ ಬರದಿದ್ರೆ ಇನ್ನೊಂದ್ಸಲ ಹೇಳ್ತೀನಿ."

"ಬೇಡ," ಎಂದಳು ಅವಳು. "ಇನ್ಮೇಲೆ ನೀವು ಹೇಳಿದ್ರೆ ಒಂದ್ಸಲ ಸಾಕು."