ಬೈಕುಲ್ಲಾದ ಪ್ರಶ್ನಾವಳಿ

"ನನಗೆ ತಿಳಿಯಬೇಕಾದ್ದು ಒಂದೇ," ಎಂದರು ಸುಮಿತ್ರಾ, ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸುತ್ತ. "ಆ ಹುಡುಗಿ ದಿನಾ ನಮ್ಮ ಮನೆಗೆ ಬಂದು ಕೂತು ಓದ್ತಿದ್ಲು. ನನ್ನ ಕಣ್ಣಿಗೆ ಯಾಕೆ ಏನೂ ಬೀಳಲಿಲ್ಲ?"

ಅದು ೧೯೮೬ರ ಜುಲೈ. ಜೋಗೇಶ್ವರಿಯ ನಮ್ಮ ಮನೆಗೆ ಇಂಥ ಪ್ರಶ್ನೆ ಹೊತ್ತು ಬರುವವರು ಆಗಾಗ ಇರುತ್ತಿದ್ದರು. ಮನೆ ಸುಬ್ಬಲಕ್ಷ್ಮಮ್ಮನದು, ನಾನು ಅವರಲ್ಲಿ ಪೇಯಿಂಗ್ ಗೆಸ್ಟ್, ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್. ಮೈಸೂರಿನಿಂದ ಮದುವೆಯಾಗಿ ಬಂದ ಸುಬ್ಬಲಕ್ಷ್ಮಮ್ಮ, ಗಂಡ ತೀರಿಕೊಂಡ ಮೇಲೆ ಕೊರೋನರ್ ಕೋರ್ಟಿನಲ್ಲಿ ದುಭಾಷಿಯಾಗಿ ಕೆಲಸಕ್ಕೆ ಸೇರಿದವರು. ಸಹಜವಲ್ಲದ ಸಾವುಗಳ ವಿಚಾರಣೆ ನಡೆಯುವ ಆ ಕೋರ್ಟಿನಲ್ಲಿ ಕನ್ನಡ, ತುಳು, ಮರಾಠಿ ಹೇಳಿಕೆಗಳನ್ನು ಇಂಗ್ಲಿಷಿಗೆ ತಿರುಗಿಸುತ್ತ ಆಯುಷ್ಯದ ಬಹುಭಾಗ ಕಳೆದಿದ್ದರು. ಜನ ಏನು ಹೇಳುತ್ತಾರೆ ಎನ್ನುವುದಕ್ಕಿಂತ ಆ ಮಾತು ಅವರಿಗೆ ಎಲ್ಲಿಂದ ಬಂತು ಎಂಬುದರ ಮೇಲೆ ಅವರ ಕಿವಿ. ನಿವೃತ್ತರಾದ ಮೇಲೂ ಪೊಲೀಸಿನವರು ಅವರ ಮಾತಿಗೆ ಬೆಲೆ ಕೊಡುತ್ತಿದ್ದರು.

"ಮೊದಲು ಕೂತ್ಕೊಳ್ಳಮ್ಮ," ಎಂದರು ಅವರು. "ಕೌಸಲ್ಯ, ಇವರಿಗೆ ಒಂದು ಟವೆಲ್ ಕೊಡು."

ಸುಮಿತ್ರಾ ಬೈಕುಲ್ಲಾದ ಒಂದು ನರ್ಸಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಹದಿಹರೆಯದವರು ಖಿನ್ನತೆಗೆ ಬೀಳಲು ಕಾರಣವಾಗುವ ಅಪಾಯದ ಅಂಶಗಳು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಎಷ್ಟು ಗೊತ್ತಿವೆ ಎಂದು ಅಳೆಯುವ ಅಧ್ಯಯನವೊಂದನ್ನು ಆ ವರ್ಷ ಕೈಗೆತ್ತಿಕೊಂಡಿದ್ದರು. ಮೊದಲು ಒಂದು ಪ್ರಶ್ನಾವಳಿ, ಬಳಿಕ ಪಾಠ, ಬಳಿಕ ಅದೇ ಪ್ರಶ್ನಾವಳಿ ಮತ್ತೊಮ್ಮೆ.

"ಅಧ್ಯಯನ ಮುಗಿಯುವಷ್ಟರಲ್ಲೇ ಸೇವಂತಿ ಹೋದಳು," ಎಂದರು. "ನಮ್ಮ ಹೆಡ್ ಕ್ಲಾರ್ಕ್ ಕೊರಗಪ್ಪನವರ ತಂಗಿ ಮಗಳು. ಹದಿನಾರು ವರ್ಷ. ಸ್ಕೂಲಿನ ಹಿಂದಿರುವ ಕ್ವಾರ್ಟರ್ಸಿನ ಟೆರೇಸಿನಿಂದ ಬಿದ್ದಳು. ಆತ್ಮಹತ್ಯೆ ಅಂತಾರೆ. ಅವಳನ್ನು ಸಾಕಿದ ಆ ಮಾವನೂ ಹಾಗೇ ಹೇಳಿದರು, ನನ್ನ ವಿದ್ಯಾರ್ಥಿನಿ ಶೀಲಾವತಿಯೂ ಪೊಲೀಸರ ಮುಂದೆ ಹಾಗೇ ಹೇಳಿದಳು. ಮಂಕಾಗಿದ್ದಳಂತೆ, ಒಬ್ಬಳೇ ಇರ್ತಿದ್ದಳಂತೆ. ಇಡೀ ತರಗತಿಗೆ ಕಲಿಸಿದವಳು ನಾನು. ಪಕ್ಕದ ಮನೆಯ ಮಗುವಿನಲ್ಲಿ ಒಂದೂ ಕಾಣಲಿಲ್ಲ. ಒಂದೋ ನನ್ನ ಪಾಠ ಸುಳ್ಳು, ಇಲ್ಲಾ..."

"ಅವಳು ಬಿದ್ದಾಗ ನೀವಿದ್ರಾ?"

"ಕೂಗು ಕೇಳಿ ಮೊದಲು ಓಡಿದವಳೇ ನಾನು. ಆಗಿನ್ನೂ ಮಳೆ ಹನಿ ಶುರುವಾಗ್ತಿತ್ತು. ಎತ್ತಿದಾಗ ಅವಳ ಕೆಳಗಿನ ನೆಲ ಒಣಗೇ ಇತ್ತು. ಸ್ವಲ್ಪ ಹೊತ್ತಿಗೆ ಜೋರು ಮಳೆ. ಕೊರಗಪ್ಪನವರು ಗೇಟಿನ ಕಡೆಯಿಂದ ಕೊಡೆ ಹಿಡಿದು ಓಡಿ ಬಂದು ಕುಸಿದರು. ಎದೆ ಮೇಲೆ ನೀಲಿಯಾಗಿ ಕಂಡಿತು, ಪೆಟ್ಟೇನೋ ಅಂತ ಗಾಬರಿಯಾದೆ. ನೋಡಿದರೆ ಬಿಳಿ ಅಂಗಿಯ ಜೇಬಿನ ಮೇಲೆ ಮಾಸಿದ ಮಸಿ ಕಲೆ. ನೀರು ಕುಡಿಸಿ ಕೂರಿಸಿದೆ."

"ಅವಳು ಬೇಸರದಲ್ಲಿದ್ದದ್ದನ್ನು ನೀವು ಒಮ್ಮೆಯೂ ನೋಡಿರಲಿಲ್ಲವೇ?"

ಸುಮಿತ್ರಾ ಯೋಚಿಸಿದರು. "ಒಮ್ಮೆ. ಅವಳು ಸಾಯುವ ಹಿಂದಿನ ಸಂಜೆ. ಶೀಲಾವತಿ ಮತ್ತು ಅವಳ ಮೂವರು ಗೆಳತಿಯರು ಪಾಠಕ್ಕೆ ಮೊದಲೇ ಎಲ್ಲ ಉತ್ತರ ಸರಿಯಾಗಿ ಬರೆದಿದ್ದರು. ಖುಷಿಯಾಗಿ ಸೇವಂತಿಗೆ ಹೇಳಿದೆ. ಯಾರ್ಯಾರು ಅಂತ ಕೇಳಿದಳು. ಹೆಸರು ಹೇಳುತ್ತಿದ್ದಂತೆ ಮುಖ ಸಪ್ಪಗಾಯಿತು. ಊಟಕ್ಕೂ ನಿಲ್ಲದೆ ಹೋದಳು."

ಸುಬ್ಬಲಕ್ಷ್ಮಮ್ಮ ನನ್ನ ಕಡೆ ನೋಡಿದರು. ಮರುದಿನ ನಾನು ಕಚೇರಿಗೆ ರಜೆ ಹಾಕಬೇಕು ಎಂದು ಅದರರ್ಥ.

*

ಲೋಕಲಿನಲ್ಲಿ ದಾದರಿಗೆ ಹೋಗಿ, ಅಲ್ಲಿ ಬದಲಿಸಿ ಬೈಕುಲ್ಲಾದಲ್ಲಿ ಇಳಿದೆವು. ಸಾವಿನ ಮನೆಗೆ ಮಾತಾಡಿಸಲು ಬಂದವರಂತೆ ಸುಮಿತ್ರಾ ನಮ್ಮನ್ನು ಕೊರಗಪ್ಪನ ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆ, ಅಡ್ಡ ಒಂದು ಪರದೆ. ಟ್ರಂಕಿನ ಮೇಲೆ ಮಡಿಸಿಟ್ಟ ಬಟ್ಟೆಗಳು ಹಾಗೇ ಇದ್ದವು; ಮೇಲೆ ಹುಡುಗಿಯ ಹಳದಿ ದಾವಣಿ. ಐವತ್ತು ದಾಟಿದ ಕೊರಗಪ್ಪ ಗಡ್ಡ ಬೋಳಿಸಿಕೊಂಡಿರಲಿಲ್ಲ. ಕಣ್ಣು ಕೆಂಪಾಗಿತ್ತು. ಅವನ ದುಃಖ ನಟನೆಯೆಂದು ನನಗೆ ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

"ಆ ದಿನ ನಾನು ಬೆಳಿಗ್ಗೆಯೇ ಫೋರ್ಟಿಗೆ ಹೋದವ ಅಮ್ಮ," ಎಂದ. "ಪ್ರತಿ ತೆಗೆಯುವ ಸ್ಟೆನ್ಸಿಲ್ ಕಾಗದ, ಮಸಿ ಎಲ್ಲ ತರ್ಲಿಕ್ಕೆ. ಬರುವಾಗ ಮಳೆ. ಗೇಟಿನ ಹತ್ರ ಜನ. ಮತ್ತೆ ಎಂತ ಹೇಳುದು?"

"ಯಾಕೆ ಹೀಗೆ ಮಾಡಿಕೊಂಡಳು ಅಂತೀರಿ?"

"ಅವಳ ಹಣೆಬರಹ. ಸಣ್ಣದರಲ್ಲೇ ತಾಯಿ ಹೋದ್ಲು. ನಮ್ಮ ಅಜ್ಜಿಗೂ ಮನಸ್ಸಿನ ಕಾಯಿಲೆ ಇತ್ತು. ಮಗು ಇರುವಾಗ ಇವಳಿಗೆ ಕಾಮಾಲೆ ಬೇರೆ ಬಂದಿತ್ತು. ಕಾಲೇಜಲ್ಲಿ ಮಾರ್ಕು ಇಲ್ಲ. ಗೆಳತಿಯರೂ ಇಲ್ಲ. ಎಲ್ಲ ಸೇರಿ ಡಿಪ್ರೆಷನ್ ಆಯ್ತು ಅಮ್ಮ. ನಮಗೆ ಗೊತ್ತಾಗ್ಲಿಲ್ಲ."

ಸುಬ್ಬಲಕ್ಷ್ಮಮ್ಮ ಸಮಾಧಾನದ ಎರಡು ಮಾತು ಹೇಳಿ ಎದ್ದರು.

ಟೆರೇಸಿನಲ್ಲಿ ಹನುಮವ್ವ ಸಿಕ್ಕಳು. ಕೆಳಗಿನ ಮನೆಯವಳು, ಆಸ್ಪತ್ರೆಯಲ್ಲಿ ಆಯಾ, ಊರು ಗದಗದ ಕಡೆ. ಮೊಣಕಾಲೆತ್ತರದ ಕಟ್ಟೆಯ ಕಡೆ ತಿರುಗದೆ ತಂತಿಗೆ ಸೀರೆ ಹಾಕುತ್ತಿದ್ದಳು.

"ಆ ಹುಡುಗಿ ಅಂಥಾಕಿ ಅಲ್ರೀ ಬಾಯಿ," ಎಂದಳು. "ಅವತ್ತ ಮುಂಜಾನಿ ಇಲ್ಲೇ ನನ್ನ ಕೂಡ ಅರಿವಿ ಒಗೀತಿದ್ಲು. ಮಾವನ ಬಿಳಿ ಅಂಗಿ ಕಿಸೆ ತಿಕ್ಕಿದ್ದ ತಿಕ್ಕಿದ್ದು. ಮಸಿ ಕಲಿ ಹೋಗವಲ್ದು. ನನ್ನ ಸೀರಿ ಬಾಜೂಕ ಹಾಕಬ್ಯಾಡ, ಬಣ್ಣ ಹತ್ತತೈತಿ ಅಂದೆ. ನಕ್ಕೋತ ದೂರ ಹಾಕಿದ್ಲು."

"ಮಳೆ ಬಂದಾಗ ಬಟ್ಟೆ ತೆಗೆದವರು ಯಾರು?"

ಹನುಮವ್ವ ಕೈಯಲ್ಲಿದ್ದ ಸೀರೆ ಹಿಡಿದು ನಿಂತಳು. "ನಾ ಡ್ಯೂಟಿ ಮ್ಯಾಲ ಇದ್ದೆ. ಸಂಜೀಕ ಬಂದ್ ನೋಡ್ತೀನಿ, ನನ್ನ ಸೀರಿ ತೊಯ್ದು ತೊಪ್ಪಿ ಆಗ್ಯಾವ. ಅವರ ಅರಿವಿ ಒಂದೂ ಇಲ್ಲ. ಬರೇ ತಮ್ಮವಷ್ಟೇ ಒಯ್ಯೂ ಮಂದಿ ಭಾಳ. ಸೇವಂತಿ ಹಂಗಲ್ರೀ, ಮಳಿ ಮಾಡ ಕಂಡ್ರ ಸಾಕು, ನನ್ನವೂ ಒಯ್ದು ಮಡಚಿ ಇಡತಿದ್ಲು."

ಸುಮಿತ್ರಾ ಮುಖ ತಿರುಗಿಸಿಕೊಂಡರು.

ಅವರ ಮನೆಗೆ ಬಂದು ಕುಳಿತ ಮೇಲೆ ಸುಬ್ಬಲಕ್ಷ್ಮಮ್ಮ ಕೇಳಿದರು: "ನಿಮ್ಮ ಪ್ರಶ್ನೆಗಳನ್ನು ಒಮ್ಮೆ ಹೇಳಿ."

ಸುಮಿತ್ರಾಗೆ ಬಾಯಿಪಾಠವಾಗಿತ್ತು. "ಇವುಗಳಲ್ಲಿ ಯಾವುವು ಅಪಾಯದ ಅಂಶಗಳು, ಹೌದೋ ಅಲ್ಲವೋ ಬರೆಯಿರಿ ಅಂತ. ಎಳವೆಯಲ್ಲಿ ತಾಯಿ ಅಥವಾ ತಂದೆಯನ್ನು ಕಳೆದುಕೊಂಡಿರುವುದು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಮಾನಸಿಕ ಕಾಯಿಲೆ. ಮಗುವಾಗಿದ್ದಾಗ ಕಾಮಾಲೆ ಬಂದು ವಾಸಿಯಾಗಿರುವುದು. ಓದಿನಲ್ಲಿ ಹಿಂದೆ ಬೀಳುವುದು. ಗೆಳೆಯರಿಲ್ಲದಿರುವುದು..."

"ಎಲ್ಲವೂ ನಿಜವಾದ ಅಂಶಗಳೇ?"

"ಒಂದು ಬಿಟ್ಟು. ಊಹೆಯ ಮೇಲೆ ಟಿಕ್ ಹಾಕುವವರನ್ನು ಹಿಡಿಯಲು ಒಂದು ಸುಳ್ಳು ಸೇರಿಸಿದ್ದೆ. ಪಾಠ ಮಾಡುವಾಗ ಅದು ಯಾವುದು ಅಂತ ತರಗತಿಗೆ ಹೇಳಿದೆ."

"ಟೈಪ್ ಮಾಡಿ ಪ್ರತಿ ತೆಗೆದವರು?"

"ಕೊರಗಪ್ಪನವರು. ನಮ್ಮ ಸ್ಕೂಲಿನ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಅವರ ಕೈಯಲ್ಲೇ."

"ಕೌಸಲ್ಯ," ಎಂದು ನನ್ನತ್ತ ತಿರುಗಿದರು, "ನೀನು ಸ್ಟೆನ್ಸಿಲ್ ಟೈಪ್ ಮಾಡ್ತೀಯಲ್ಲ. ಮಾಡಿದ್ದು ನೆನಪಿರುತ್ತದೆಯೇ?"

"ಅರ್ಥ ನೆನಪಿರಲ್ಲ ಅಮ್ಮ. ಸಾಲು ಹಿಂದುಮುಂದಾಗದೆ ನೆನಪಿರುತ್ತೆ. ತಪ್ಪಾದರೆ ತಿದ್ದೋದು ಕಷ್ಟ, ಅದಕ್ಕೇ ಒಂದೊಂದನ್ನೂ ನೋಡಿ ನೋಡಿ ಹೊಡೀತೀವಿ."

ಅವರು ತಲೆಯಾಡಿಸಿ, ಫೋನ್ ಎಲ್ಲಿದೆ ಎಂದು ಕೇಳಿದರು.

*

ಶನಿವಾರ ಮಧ್ಯಾಹ್ನ ಎಲ್ಲರೂ ಸ್ಕೂಲಿನ ಡೆಮಾನ್‌ಸ್ಟ್ರೇಷನ್ ಕೋಣೆಯಲ್ಲಿ ಸೇರಿದೆವು. ಅಭ್ಯಾಸಕ್ಕಿಟ್ಟ ಮಂಚದ ಮೇಲೆ ರೋಗಿಯ ಗೊಂಬೆಯೊಂದು ಕತ್ತಿನವರೆಗೆ ಹೊದ್ದು ಮಲಗಿತ್ತು. ಶೀಲಾವತಿ ಮತ್ತು ಅವಳ ಗೆಳತಿಯರು ಒಂದು ಬೆಂಚಿನಲ್ಲಿ, ಹನುಮವ್ವ ನೆಲದ ಮೇಲೆ, ಕೊರಗಪ್ಪ ಸುಮಿತ್ರಾರ ಪಕ್ಕದ ಕುರ್ಚಿಯಲ್ಲಿ. ಆ ಫೋನ್ ಕರೆಗೆ ಬಂದ ಸಬ್-ಇನ್‌ಸ್ಪೆಕ್ಟರ್ ಪೆಡಣೇಕರ್ ಬಾಗಿಲ ಹತ್ತಿರ ನಿಂತಿದ್ದರು. ಸುಬ್ಬಲಕ್ಷ್ಮಮ್ಮ ಕನ್ನಡದಲ್ಲಿ ಹೇಳಿದ್ದನ್ನು ತಾವೇ ಮರಾಠಿಯಲ್ಲಿ ಅವರಿಗೆ ಹೇಳುತ್ತ ಹೋದರು, ಹಿಂದೆ ಕೋರ್ಟಿನಲ್ಲಿ ಮಾಡುತ್ತಿದ್ದ ಹಾಗೆ.

"ಸೇವಂತಿ ಸಾಯುವಾಗ ನೆಲ ಒಣಗಿತ್ತು," ಎಂದು ಶುರು ಮಾಡಿದರು. "ಅಂದರೆ ಅವಳು ಬಿದ್ದದ್ದು ಮಳೆಗೆ ಮುಂಚೆ. ಆದರೆ ಅವಳ ಮನೆಯ ಬಟ್ಟೆ ನೆನೆಯಲಿಲ್ಲ. ಮಳೆಗೆ ಮುಂಚೆಯೇ ಯಾರೋ ತಂದರು. ಮೋಡ ನೋಡಿ ಅವಳೇ ತಂದಿದ್ದರೆ ಹನುಮವ್ವನ ಸೀರೆಯನ್ನೂ ತರುತ್ತಿದ್ದಳು. ತಂದವರು ಬೇರೆ."

"ಯಾರೋ ತಂದಿಟ್ಟಿರಬಹುದು," ಎಂದ ಕೊರಗಪ್ಪ ಮೆಲ್ಲಗೆ.

"ಇರಬಹುದು. ಆ ಬಟ್ಟೆಗಳಲ್ಲಿ ನಿಮ್ಮ ಬಿಳಿ ಅಂಗಿಯೂ ಇತ್ತು, ಜೇಬಿನಲ್ಲಿ ಮಸಿ ಕಲೆ ಇದ್ದದ್ದು. ಬೆಳಿಗ್ಗೆ ಅದನ್ನು ಒಗೆದು ತಂತಿಗೆ ಹಾಕಿದ್ದನ್ನು ಹನುಮವ್ವ ನೋಡಿದ್ದಾಳೆ. ನೀವು ಬೆಳಿಗ್ಗೆಯೇ ಫೋರ್ಟಿಗೆ ಹೋದವರು, ಮಳೆಯಲ್ಲಿ ಗೇಟಿನಿಂದ ಓಡಿಬಂದವರು. ತಂತಿಯ ಮೇಲಿದ್ದ ಅಂಗಿ ನಿಮ್ಮ ಮೈಮೇಲೆ ಹೇಗೆ ಬಂತು? ಸುಮಿತ್ರಾ ಆ ಕಲೆಯನ್ನು ಕೈಯಳತೆಯಲ್ಲಿ ನೋಡಿದ್ದಾರೆ."

ಕೊರಗಪ್ಪ ತನ್ನ ಜೇಬಿನ ಮೇಲೆ ಕೈಯಿಟ್ಟುಕೊಂಡ.

"ನೀವು ಫೋರ್ಟಿಗೆ ಹೋದದ್ದು ನಿಜ. ಅಂಗಡಿಯವರನ್ನು ಪೆಡಣೇಕರ್ ವಿಚಾರಿಸಿದ್ದಾರೆ, ಊಟದ ಹೊತ್ತಿಗೆ ಮೊದಲೇ ಸಾಮಾನು ಕೊಂಡು ಹೊರಟಿದ್ದೀರಿ. ಮನೆಗೆ ಬಂದಿರಿ. ಟೆರೇಸಿಗೆ ಹೋದಿರಿ. ಅಲ್ಲಿ ನಿಮ್ಮ ಅಂಗಿ ಹರಿಯಿತು. ಹರಿದ ಅಂಗಿಯಲ್ಲಿ ಜನರ ಮುಂದೆ ಬರುವ ಹಾಗಿರಲಿಲ್ಲ. ತಂತಿಯ ಬಟ್ಟೆ ಬಾಚಿಕೊಂಡು ಇಳಿದು, ಅಂಗಿ ಬದಲಿಸಿ, ಹಿಂದಿನ ಗಲ್ಲಿಯಿಂದ ಸುತ್ತಿ ಗೇಟಿಗೆ ಬಂದಿರಿ."

ಪೆಡಣೇಕರ್ ಒಂದು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. ಚೌಕಳಿ ಅಂಗಿ, ಜೇಬು ಕಿತ್ತು ಜೋತಾಡುತ್ತಿತ್ತು. ಕಚೇರಿಯ ಕಪಾಟಿನಲ್ಲಿ, ಹಳೆಯ ಸ್ಟೆನ್ಸಿಲುಗಳ ಅಡಿ ಆ ಬೆಳಿಗ್ಗೆ ಸಿಕ್ಕಿತ್ತು.

"ಆದರೆ ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ಅಂಗಿಯಲ್ಲ," ಎಂದರು ಸುಬ್ಬಲಕ್ಷ್ಮಮ್ಮ. "ನೀವು ಸೇವಂತಿಯ ಬಗ್ಗೆ ಹೇಳಿದ ಮಾತು. ತಾಯಿಯ ಸಾವು, ಅಜ್ಜಿಯ ಕಾಯಿಲೆ, ಕಾಮಾಲೆ, ಮಾರ್ಕು, ಗೆಳತಿಯರು. ಮಗಳಂತೆ ಸಾಕಿದ ಹುಡುಗಿಯ ಬಗ್ಗೆ ದುಃಖದಲ್ಲಿ ಮಾತಾಡುವವರು ಪ್ರಶ್ನಾವಳಿಯ ಸಾಲಿನಲ್ಲೇ ಮಾತಾಡುವುದಿಲ್ಲ. ಅದರಲ್ಲೂ ಕಾಮಾಲೆ. ಪಾಠ ಕೇಳಿದ ಯಾವ ಹುಡುಗಿಯೂ ಅದನ್ನು ಹೇಳುತ್ತಿರಲಿಲ್ಲ, ಅದು ಸುಳ್ಳೆಂದು ಅವರಿಗೆ ಗೊತ್ತು. ಏನೂ ಓದದವರಿಗೆ ಅದು ಹೊಳೆಯುತ್ತಲೇ ಇರಲಿಲ್ಲ. ಪ್ರಶ್ನೆ ನೋಡಿ, ಉತ್ತರ ಕೇಳದಿದ್ದವರು ಮಾತ್ರ ಹೇಳಬಲ್ಲರು. ಅಂಥವರು ನೀವೊಬ್ಬರೇ."

ಬಳಿಕ ಬೆಂಚಿನ ಕಡೆ ತಿರುಗಿದರು. "ಪಾಠಕ್ಕೆ ಮೊದಲೇ ನೀವು ನಾಲ್ವರಿಗೂ ಎಲ್ಲ ಗೊತ್ತಿತ್ತು. ಹೇಗೆ, ಶೀಲಾವತಿ?"

ಶೀಲಾವತಿ ಅಳತೊಡಗಿದಳು. "ಸರ್ ದುಡ್ಡು ತಗೊಂಡು ಪೇಪರ್ ಮೊದಲೇ ಕೊಟ್ರು. ಹರ್ ಬಾರ್ ಕೊಡ್ತಾರೆ, ಎಕ್ಸಾಮ್ ಪೇಪರ್ ಭೀ. ನಾವು ಲೈಬ್ರರಿಯಲ್ಲಿ ಆನ್ಸರ್ ಹುಡುಕಿದ್ವಿ. ಒಂದು ಸಲ ಪೇಪರ್ ತಗೊಳ್ಳೋಕೆ ಸರ್ ಮನೆಗೆ ಹೋದಾಗ ಸೇವಂತಿ ನಮ್ಮನ್ನ ನೋಡಿದ್ಲು."

"ಹಾಗಾದರೆ ಅವಳು ಮಂಕಾಗಿದ್ದಳು ಅಂತ ಪೊಲೀಸರಿಗೆ ಯಾಕೆ ಹೇಳಿದೆ?" ಎಂದರು ಸುಮಿತ್ರಾ.

"ಸರ್ ಹೇಳಿದ್ರು, ಅವಳಿಗೆ ಡಿಪ್ರೆಷನ್ ಇತ್ತು ಅಂತ. ಫಿರ್... ಆಮೇಲೆ ನನಗೂ ಹಾಗೇ ನೆನಪಾಯ್ತು ಮೇಡಮ್. ಅವಳು ಸುಮ್ಮನೆ ಕೂತಿದ್ದು, ಒಬ್ಬಳೇ ನಡೆದು ಹೋಗಿದ್ದು. ಸಚ್ಚಿ, ಹಾಗೇ ನೆನಪಾಯ್ತು."

ಸುಮಿತ್ರಾ ಅವಳನ್ನೇ ನೋಡಿದರು. ಪೂರ್ಣ ಅಂಕ ಪಡೆದ ಹುಡುಗಿ ಅವಳು.

"ಸುಮಿತ್ರಾ ಹೇಳಿದ ಹೆಸರುಗಳನ್ನು ಕೇಳಿದ ಸಂಜೆಯೇ ಸೇವಂತಿಗೆ ಮಾವ ಮಾಡುತ್ತಿದ್ದುದು ತಿಳಿಯಿತು," ಎಂದರು ಸುಬ್ಬಲಕ್ಷ್ಮಮ್ಮ. "ಅವಳ ಮುಖ ಸಪ್ಪಗಾದದ್ದು ಅದಕ್ಕೆ. ಮರುದಿನ ಏನಾಯಿತೆಂದು, ಕೊರಗಪ್ಪನವರೇ, ನೀವೇ ಹೇಳಬೇಕು."

ಕೊರಗಪ್ಪ ಗೊಂಬೆಯ ಕಡೆ ನೋಡುತ್ತ ಹೇಳಿದ.

"ಬೆಳಿಗ್ಗೆ ಕೇಳಿದ್ಲು, ಮಾವ, ಹೌದಾ ಅಂತ. ನಾನು ಬೈದು ಹೋದೆ. ಮನಸ್ಸು ತಡೀಲಿಲ್ಲ, ಬೇಗ ಬಂದೆ. ಮೇಲೆ ಬಟ್ಟೆ ತೆಗೀಲಿಕ್ಕೆ ಹೋಗಿದ್ಲು. ಬೇಡ ಮಗಾ, ಕೆಲಸ ಹೋಗ್ತದೆ, ಈ ಮನೆಯೂ ಹೋಗ್ತದೆ ಅಂದೆ. ಮೇಡಮ್‌ಗೆ ನೀವೇ ಹೇಳಿ, ಇಲ್ಲದಿದ್ರೆ ನಾನು ಹೇಳ್ತೇನೆ ಅಂದ್ಲು. ಕೆಳಗೆ ಹೊರಟ್ಲು. ಕೈ ಹಿಡಿದೆ. ಅವಳು ಕೊಸರಿದ್ಲು. ಸಿಟ್ಟಲ್ಲಿ ದೂಡಿದೆ. ಅಂಗಿ ಹಿಡ್ಕೊಂಡ್ಲು, ಜೇಬು ಹರೀತು..."

"ಆಮೇಲೆ ನೀವು ಬಟ್ಟೆ ತೆಗೆದ್ರಾ?" ಎಂದರು ಸುಮಿತ್ರಾ. "ಅವಳು ಕೆಳಗೆ ಬಿದ್ದಿರುವಾಗ?"

"ಅಂಗಿ ಬೇಕಿತ್ತು. ಮತ್ತೆ ಮಳೆಯೂ ಬರ್ತಿತ್ತು," ಎಂದ ಕೊರಗಪ್ಪ. ಹೇಳಿದ್ದು ತನಗೇ ಕೇಳಿಸಿದಂತೆ ಮುಖ ಮುಚ್ಚಿಕೊಂಡ.

ಹನುಮವ್ವ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದಳು. ಪೆಡಣೇಕರ್ ಅವನ ತೋಳು ಹಿಡಿದು ಎಬ್ಬಿಸಿದರು.

*

ಮುಂದಿನ ವಾರ ಕೊರೋನರ್ ಕೋರ್ಟಿನಲ್ಲಿ ಆತ್ಮಹತ್ಯೆ ಎಂಬ ಮಾತು ಬಿದ್ದುಹೋಯಿತು. ಸುಮಿತ್ರಾ ಹಿಂದಿನ ಬೆಂಚಿನಲ್ಲಿ ಕೊನೆಯವರೆಗೂ ಕುಳಿತಿದ್ದರು. ಅಧ್ಯಯನವನ್ನು ಅವರು ಅಲ್ಲಿಗೇ ನಿಲ್ಲಿಸಿದ್ದರು. ನಾಲ್ವರು ಹುಡುಗಿಯರ ಮೇಲೆ ಸ್ಕೂಲು ವಿಚಾರಣೆ ನಡೆಸುತ್ತಿತ್ತು. ಹೊರಗೆ ಬಂದಾಗ ಅವರು ಕೇಳಿದರು:

"ಸ್ಮಶಾನದಿಂದ ಸೇವಂತಿಯ ಅಸ್ಥಿ ತಂದವರು ಯಾರು?"

ನಮಗೆ ಗೊತ್ತಿರಲಿಲ್ಲ. ಮೂವರೂ ಟ್ಯಾಕ್ಸಿ ಹಿಡಿದು ಹೋದೆವು. ಸ್ಮಶಾನದ ಆಫೀಸಿನ ಮುದುಕ ಒಳಗಿನ ಕಪಾಟಿನಲ್ಲಿ ಹುಡುಕಿ, ಕೆಂಪು ಬಟ್ಟೆ ಕಟ್ಟಿದ ಒಂದು ಸಣ್ಣ ಮಡಕೆ ತಂದ. ಯಾರೂ ಬಂದಿರಲಿಲ್ಲ. ಬರುತ್ತೇನೆಂದು ಹೇಳಿ ಹೋದ ಮಾವ ತಿರುಗಿ ಬಂದಿರಲಿಲ್ಲವಂತೆ.

"ನೀವು ಅವಳಿಗೆ ಏನಾಗಬೇಕು?" ಎಂದು ಮುದುಕ ಮರಾಠಿಯಲ್ಲಿ ಕೇಳಿದ.

ಸುಬ್ಬಲಕ್ಷ್ಮಮ್ಮ ಅಭ್ಯಾಸಬಲದಿಂದ ಅದನ್ನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದರು. ಅಷ್ಟರಲ್ಲಿ ಸುಮಿತ್ರಾ ಎರಡೂ ಕೈ ಮುಂದೆ ಚಾಚಿದ್ದರು.

"ಮನೆಯವಳು," ಎಂದರು, ಮತ್ತು ಮಡಕೆಯನ್ನು ಎದೆಗೊತ್ತಿಕೊಂಡರು.