ಒಂದು ತಾಸು ತಡೆದ ರೊಟ್ಟಿ

ನೀಡಿದ ರೊಟ್ಟಿಯನ್ನು ಒಲ್ಲೆನೆನ್ನಲು ಎರಡೇ ಕಾರಣಗಳಿರಬಲ್ಲವು ಎಂದು ಸಂಘಮಿತ್ರಾ ನಂಬಿದ್ದಳು: ಒಂದೋ ಹೊಟ್ಟೆ ತುಂಬಿರಬೇಕು, ಇಲ್ಲವೇ ತಲೆಯಲ್ಲಿ ಜಾತಿ ತುಂಬಿರಬೇಕು. ಜಮಖಂಡಿಯ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತಿದ್ದ ಮನುಷ್ಯನ ಹೊಟ್ಟೆ ಆಗಷ್ಟೇ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತ್ತು. ಆದ್ದರಿಂದ ಕಾರಣ ಎರಡನೆಯದೇ ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ.

"ಒಲ್ಲೆರಿ ಅಕ್ಕೋರ," ಎಂದು ಅವನು ಮತ್ತೊಮ್ಮೆ ಕೈಮುಗಿದ. "ಈಗ ನಾ ಉಣ್ಣಂಗಿಲ್ಲ."

"ಹಸಿವಿ ಇಲ್ಲೇನ್ರಿ?"

"ಹಸಿವಿ ಭಾಳ ಐತ್ರಿ. ಆದರ..."

"ಆ 'ಆದರ' ನಮ್ಮ ಮನಿತನಕ್ಕ ಹೊಸಾದಲ್ಲ," ಎಂದು ಸಂಘಮಿತ್ರಾ ಡಬ್ಬಿಯ ಮುಚ್ಚಳ ಹಾಕಿದಳು.

ಅವನು ಅಪರಿಚಿತನೇನೂ ಅಲ್ಲ. ಹುನ್ನೂರಿನ ಕುರಿಗಾರರ ಮನೆತನದ ಹಾಲೇಶ; ತೇರದಾಳ, ಬನಹಟ್ಟಿ, ಜಮಖಂಡಿ ನಡುವೆ ಓಡುವ ಬಸ್ಸಿನ ಕಂಡಕ್ಟರು. ಈ ಸೀಮೆಯ ರೂಢಿಯಂತೆ ಸಾಲಿ ಕಲಿಸುವ ಹೆಂಗಸರಿಗೆಲ್ಲ ಅವನು 'ಅಕ್ಕೋರ' ಎನ್ನುತ್ತಿದ್ದ. ಬನಹಟ್ಟಿಯಿಂದ ತೇರದಾಳದ ಪ್ರೌಢಶಾಲೆಗೆ ಕನ್ನಡ ಕಲಿಸಲು ಹೋಗುವ ಸಂಘಮಿತ್ರಾ ಯಾವ ಕೇರಿಯ ಮುಂದೆ ಬಸ್ಸು ಹತ್ತುತ್ತಾಳೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವಳ ಸಿಟ್ಟಿನ ಬೇರು.

ಸಿಟ್ಟು ಬಂದಾಗ ಸಂಘಮಿತ್ರಾಳ ಮಾತು ಮನೆಯ ಕನ್ನಡವನ್ನು ಬಿಟ್ಟು ಪಠ್ಯಪುಸ್ತಕದ ಕನ್ನಡಕ್ಕೆ ಏರುತ್ತಿತ್ತು. ಅಂದು ಅದು ಬಹಳ ಎತ್ತರಕ್ಕೆ ಏರಿತು. ತನ್ನ ಅಜ್ಜನಿಗೆ ಊರ ಚಹಾದಂಗಡಿಯಲ್ಲಿ ಬೇರೆ ಕಪ್ಪು ಇಡುತ್ತಿದ್ದುದರಿಂದ ಆರಂಭಿಸಿ ಸಂವಿಧಾನದ ಹದಿನೇಳನೆಯ ವಿಧಿಯವರೆಗೆ ಅವಳು ಬಂದಳು. "ರಕ್ತದಲ್ಲಿ ಒಂದೇ ಕಾಯಿಲೆಯನ್ನು ಹೊತ್ತು ಒಂದೇ ಬೆಂಚಿನ ಮೇಲೆ ಕುಳಿತಿರುವ ನಾವು, ಒಂದು ರೊಟ್ಟಿಯನ್ನು ಹಂಚಿಕೊಳ್ಳಲಾರೆವೆಂದರೆ ನಮ್ಮ ವಿದ್ಯೆಗೆ ಅರ್ಥವೇನು?" ಎಂದು ಕೇಳಿದಳು. ಬೆಂಚಿನ ತುದಿಯಲ್ಲಿದ್ದ ಮುದುಕರೊಬ್ಬರು ತಮಗೇ ಹೇಳುತ್ತಿದ್ದಾಳೆಂದು ತಿಳಿದು ಎದ್ದು ನಿಂತರು.

ಹಾಲೇಶ ತಲೆ ಬಗ್ಗಿಸಿ ಕೇಳಿದ. ಒಂದೆರಡು ಸಲ ಬಾಯಿ ತೆರೆದ. ತರಗತಿಯಲ್ಲಿ ನಡುವೆ ಬಾಯಿ ಹಾಕುವವರನ್ನು ಸುಮ್ಮನಾಗಿಸುವ ಅವಳ ಬೆರಳು ಮೇಲೆದ್ದಿತು. ಮುಚ್ಚಿಕೊಂಡ.

ಒಂದೇ ಕಾಯಿಲೆ ಎಂದಿದ್ದು ಮಾತ್ರ ಖರೆ. ಇಬ್ಬರ ರಕ್ತದಲ್ಲೂ ಬಿಳಿಯ ಕಣಗಳು ಲೆಕ್ಕ ತಪ್ಪಿ ಬೆಳೆದಿದ್ದವು. ಸಿ.ಎಂ.ಎಲ್. ಎಂಬ ನಿಧಾನದ ರಕ್ತದ ಕ್ಯಾನ್ಸರು, ಈಚೆಗಷ್ಟೇ ಪತ್ತೆಯಾಗಿತ್ತು. ಮಿರಜದ ಕಡೆಯಿಂದ ಜಮಖಂಡಿಗೆ ಬಂದುಹೋಗುವ ಡಾಕ್ಟರ್ ಸಂಧ್ಯಾ ಅವಳಿಗೆ ತಿಳಿಯುವಂತೆಯೇ ಹೇಳಿದ್ದರು: "ಮೊದಲಿನ ಔಷಧ ಹೆಂಗಂದ್ರ, ಒಬ್ಬ ಹುಡುಗ ಗದ್ದಲ ಮಾಡಿದರ ಇಡೀ ಕ್ಲಾಸಿಗೆ ಬೆತ್ತ. ಈಗಿನ ಗುಳಿಗಿ ಹಂಗಲ್ಲ. ಗದ್ದಲ ಮಾಡಿದವನ ಕಿವೀನ ಹಿಡೀತೈತಿ." ಗುರಿಯಿಟ್ಟು ಹೊಡೆಯುವ ಇಂಥ ಗುಳಿಗೆಗಳಲ್ಲಿ ಹಳೆಯದೊಂದು, ಹೊಸದೊಂದು. ಯಾವುದು ಹೆಚ್ಚು ಗಟ್ಟಿ ಎಂದು ಪರೀಕ್ಷಿಸುವ ಅಧ್ಯಯನಕ್ಕೆ ಇಬ್ಬರೂ ಸೇರಿದ್ದರು. ಯಾರಿಗೆ ಯಾವುದೆಂದು ಆರಿಸುವುದು ಕಂಪ್ಯೂಟರು. ಸಂಘಮಿತ್ರಾಳಿಗೆ ಹಳೆಯದು ಬಂದಿತ್ತು. ಹೊಟ್ಟೆ ತುಂಬ ಉಂಡು, ದೊಡ್ಡ ಗ್ಲಾಸು ನೀರಿನೊಂದಿಗೆ ನುಂಗಬೇಕು.

ಹೊಸದನ್ನು ಹೇಗೆ ನುಂಗಬೇಕೆಂಬುದೂ ಒಪ್ಪಿಗೆ ಪತ್ರದಲ್ಲಿತ್ತು. ಆದರೆ ಅದರ ಕನ್ನಡ ಎಷ್ಟು ಕೆಟ್ಟದಾಗಿತ್ತೆಂದರೆ, ಸಂಘಮಿತ್ರಾ ಕೆಂಪು ಪೆನ್ನು ಹಿಡಿದು ತಿದ್ದುವುದರಲ್ಲೇ ಮಗ್ನಳಾಗಿದ್ದಳು. ವಾಕ್ಯಗಳೆಲ್ಲ ಶುದ್ಧವಾದವು, ಅರ್ಥವೊಂದೂ ತಲೆಗೆ ಹೋಗಲಿಲ್ಲ.

ಭಾಷಣ ಇನ್ನೂ ಮುಗಿದಿರಲಿಲ್ಲ. ಅಧ್ಯಯನದ ನರ್ಸು ರಂಜನಾ ಒಳಗಿನಿಂದ ಇಣುಕಿದಳು.

"ಹಾಲೇಶ, ನಿಮ್ಮ ತಾಸ ಆತ್ರಿ. ಹೊಸಾ ಗುಳಿಗಿಯವರು ಇನ್ನ ಉಣ್ಣಬಹುದು. ನುಂಗೂಕ್ಕಿಂತ ಮೊದಲ ಎರಡ ತಾಸ, ನುಂಗಿದ ಮ್ಯಾಲ ಒಂದ ತಾಸ ಹೊಟ್ಟಿ ಖಾಲಿ. ದಿನಾ ಎರಡ ಹೊತ್ತೂ ಇದ ನಿಯಮ. ಮರೀಬ್ಯಾಡ್ರಿ."

ಸಂಘಮಿತ್ರಾಳ ಎತ್ತಿದ ಬೆರಳು ಕೆಳಗಿಳಿಯಿತು.

ಹಾಲೇಶ ಮೆಲ್ಲಗೆ ಇತ್ತ ತಿರುಗಿದ. ಅವನ ಕಣ್ಣಂಚಿನಲ್ಲಿ ನಗು ಹಣಕುತ್ತಿತ್ತು. ಆದರೆ ಧ್ವನಿಯಲ್ಲಿ ವಿದ್ಯಾರ್ಥಿಯ ವಿನಯ.

"ಅಕ್ಕೋರ, ಆ ರೊಟ್ಟಿ ಇನ್ನೂ ಐತೇನ್ರಿ?"

ಸಂಘಮಿತ್ರಾ ಡಬ್ಬಿಯನ್ನು ಇಡಿಯಾಗಿ ಅವನ ಮುಂದಿಟ್ಟಳು. ಅವನು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲವನ್ನೂ ಮುಗಿಸಿ, ಡಬ್ಬಿಯ ಮೂಲೆಗೆ ಅಂಟಿದ್ದ ಖಾರವನ್ನೂ ಬೆರಳಿನಿಂದ ಒರೆಸಿ ತಿಂದ.

"ನಾನು ತಪ್ಪು ಮಾಡಿದೆ. ಕ್ಷಮೆ ಕೇಳ್ತೇನಿ," ಎಂದಳು. ತಪ್ಪಿಗೆ ಕ್ಷಮೆ ಕೇಳದ ಶಿಕ್ಷಕಿ ಮಕ್ಕಳಿಗೆ ಏನನ್ನೂ ಕಲಿಸಲಾರಳು ಎಂಬುದು ಅವಳ ಸಿದ್ಧಾಂತವಾಗಿತ್ತು.

"ಬಿಡ್ರಿ, ಭಾಷಣ ಛಲೋ ಇತ್ತು. ತಾಸ ಹೋಗಿದ್ದ ಗೊತ್ತಾಗಲಿಲ್ಲ," ಎಂದ ಹಾಲೇಶ. "ಒಂದ ಮಾತ್ರಿ. ನಿಮ್ಮ ಗುಳಿಗಿ ಗುರಿ ತಪ್ಪೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ನಿಮ್ಮ ಭಾಷಣ ಸ್ವಲ್ಪ ತಪ್ಪತೈತಿ."

ಸಂಘಮಿತ್ರಾ ಕೋಪಿಸಿಕೊಳ್ಳಬೇಕೆಂದುಕೊಂಡಳು. ಆದರೆ ನಗು ಮೊದಲು ಬಂದುಬಿಟ್ಟಿತು.

ಅಂದಿನಿಂದ ಬೆಳಗಿನ ಬಸ್ಸಿಗೆ ಒಂದು ಹೊಸ ರುಚಿ ಬಂದಿತು. ಹಳೆಯ ಗುಳಿಗೆ ಸಂಘಮಿತ್ರಾಳ ಕಾಯಿಲೆಯನ್ನು ತಗ್ಗಿಸುತ್ತಿದ್ದರೂ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಬರುತ್ತಿತ್ತು. ರಾತ್ರಿಯೆಲ್ಲ ಅತ್ತವಳಂತೆ ಕಾಣುತ್ತಿದ್ದಳು. ಹಾಲೇಶ ಟಿಕೆಟ್ಟು ಹರಿಯುವುದನ್ನು ಬಿಟ್ಟು ಬಗ್ಗಿ ನೋಡಿದ.

"ಯಾರ ಅಳಿಸ್ಯಾರ್ರಿ ಅಕ್ಕೋರ? ಹೆಸರ ಹೇಳ್ರಿ, ಹಾದ್ಯಾಗ ಇಳಿಸಿಬಿಡ್ತೇನಿ."

"ಯಾರೂ ಅಳಿಸಿಲ್ಲ. ಗುಳಿಗಿದು. ಬೆಳಿಗ್ಗಿ ಅಷ್ಟ ಊದತಾವು, ಸಂಜಿಗೆ ಇಳೀತಾವು."

"ನನ್ನ ನೋಡಿ ಊದ್ಯಾವೇನೋ ಅನ್ಕೊಂಡಿದ್ದೆ."

"ನಿಮ್ಮನ್ನ ನೋಡಿದ್ರ ಹೊಟ್ಟಿ ಊದತೈತಿ, ನಗೂ ತಡಕೊಂಡು," ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಅವನ ನೆರಳು ಇನ್ನೂ ಅಲ್ಲೇ ನಿಂತಿತ್ತು. ಹಿಂದಿನ ಸೀಟಿನವರು ತಮಗೂ ಟಿಕೆಟ್ಟು ಬೇಕೆಂದು ನೆನಪಿಸಬೇಕಾಯಿತು.

ತನ್ನ ಮನೆಯ ಸುದ್ದಿಯನ್ನೂ ಅವನು ಕಂತು ಕಂತಾಗಿ ಹೇಳುತ್ತಿದ್ದ. ತಾಯಿ ಸಿದ್ದಕ್ಕ ಬೀರಪ್ಪನ ಭಕ್ತೆ. ಹಸಿದ ಹೊಟ್ಟೆಯಲ್ಲಿ ನುಂಗುವ ಗುಳಿಗೆ ಔಷಧವಲ್ಲ, ದೇವರ ಉಪವಾಸ ಎಂದೇ ಅವಳ ನಿರ್ಣಯ. ಗುಳಿಗೆಯ ಡಬ್ಬಿಗೆ ಭಂಡಾರ ಹಚ್ಚಿ ಪೂಜಿಸಿದ್ದಳು. ಅರಿಷಿಣದ ಪುಡಿಯಲ್ಲಿ ಮಿಂದ ಡಬ್ಬಿಯನ್ನು ಕಂಡು ರಂಜನಾ ಕೈ ತೊಳೆದುಕೊಂಡು ಹೋಗಿ ಡಾಕ್ಟರಿಗೆ ದೂರು ಕೊಟ್ಟಿದ್ದಳು.

ರಾತ್ರಿಯ ಊಟದ ವಿಷಯದಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಸಂಜೆಯ ಗುಳಿಗೆ ನುಂಗಿ ತನ್ನ ತಾಸು ಮುಗಿದೊಡನೆ ಹಾಲೇಶ ಸಂಘಮಿತ್ರಾಳ ಮೊಬೈಲಿಗೆ ಒಂದು ಮಿಸ್ ಕಾಲ್ ಕೊಡತೊಡಗಿದ. ಆಮೇಲೆಯೇ ಅವನು ತಾಟು ಹಿಡಿಯುತ್ತಿದ್ದ. ಆಮೇಲೆಯೇ ಅವಳೂ ಹಿಡಿಯತೊಡಗಿದಳು. ಹುನ್ನೂರಿನಲ್ಲೊಂದು ತಾಟು, ಬನಹಟ್ಟಿಯಲ್ಲೊಂದು ತಾಟು. ನಡುವೆ ಕತ್ತಲೆ, ಕಬ್ಬಿನ ಹೊಲ. ಇಬ್ಬರೂ ಜೊತೆಗೆ ಉಣ್ಣುತ್ತಿದ್ದರು. ಇದಕ್ಕೆ ಏನೆನ್ನಬೇಕೆಂದು ಕನ್ನಡ ಶಿಕ್ಷಕಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದ ಪದವನ್ನು ಅವಳು ಬಳಸಲೊಲ್ಲಳು.

ಸಂಘಮಿತ್ರಾಳ ತಂದೆ ಹುಲೆಪ್ಪ ಅಂಚೆ ಕಚೇರಿಯಿಂದ ನಿವೃತ್ತರಾದವರು. ಮಗಳಿಗೆ ಅವರು ತಂದ ವರರೆಲ್ಲ ಬಂದ ದಾರಿಯಲ್ಲೇ ಮರಳಿದ್ದರು. ಕಾಯಿಲೆಯನ್ನು ಮುಚ್ಚಿಟ್ಟು ಮಾಡಿಕೊಳ್ಳುವ ಮದುವೆ ಮೋಸವೆಂದು ಹೇಳಿ, ಅವಲಕ್ಕಿಯ ತಾಟಿನೊಂದಿಗೆ ರಕ್ತಪರೀಕ್ಷೆಯ ವರದಿಯನ್ನೂ ಅವಳು ತಂದಿಡುತ್ತಿದ್ದಳು. ಅವಲಕ್ಕಿ ಯಾರಿಗೂ ಸೇರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪ್ರತಿ ಭೇಟಿಗೂ ಬಸಿರಿನ ಪರೀಕ್ಷೆ ಮಾಡುವ ನಿಯಮ ಬೇರೆ. "ಲಗ್ನಾನ ಆಗದ ನನಗ ಈ ಪರೀಕ್ಷೆ ಯಾಕ?" ಎಂದು ಅವಳು ಮೊದಲ ಸಲ ರಂಜನಾಳ ಮೇಲೆ ಸಿಡಿದಿದ್ದಳು. ಗುಳಿಗೆ ಕೂಸಿಗೆ ಕೆಡುಕು ಮಾಡಬಲ್ಲದು, ಆದ್ದರಿಂದ ಹರೆಯದ ಹೆಣ್ಣುಮಕ್ಕಳೆಲ್ಲರಿಗೂ ಒಂದೇ ನಿಯಮ ಎಂದು ರಂಜನಾ ಹೇಳಿದಾಗ, ಎಲ್ಲರಿಗೂ ಒಂದೇ ಎಂಬ ಮಾತಿಗೆ ಗೌರವ ಕೊಟ್ಟು ಸುಮ್ಮನಾಗಿದ್ದಳು. ಆದರೆ ವರ್ಷ ತುಂಬುತ್ತಿದ್ದ ಒಂದು ಭೇಟಿಯಲ್ಲಿ ಅವಳೇ ಡಾಕ್ಟರನ್ನು ಕೇಳಿದಳು, ಕಣ್ಣನ್ನು ಮೇಜಿನ ಮೇಲಿಟ್ಟು: "ಮುಂದ... ಯಾವಾಗರೆ... ಕೂಸು ಆಗಬಹುದೇನ್ರಿ?"

ಡಾಕ್ಟರ್ ಸಂಧ್ಯಾ ನಗಲಿಲ್ಲ. "ಈಗಂತೂ ಬ್ಯಾಡ. ಕಾಯಿಲೆ ಕೆಲವು ವರ್ಷ ಗಟ್ಟಿಯಾಗಿ ತಗ್ಗೇ ಇದ್ದರ ಆವಾಗ ವಿಚಾರ ಮಾಡೂಣು. ಆಗೇ ಆಗತೈತಿ ಅಂತ ಮಾತ ಕೊಡಂಗಿಲ್ಲ. ಲಗ್ನಕ್ಕ ಮಾತ್ರ ಯಾವ ಗುಳಿಗೀದೂ ಅಡ್ಡಿ ಇಲ್ಲ."

ಹೊರಗೆ ಬೆಂಚಿನ ಮೇಲೆ ಹಾಲೇಶ ತನ್ನ ತಾಸನ್ನು ಕಾಯುತ್ತ ಕುಳಿತಿದ್ದ. ಸಂಘಮಿತ್ರಾ ಡಬ್ಬಿಯನ್ನು ನಡುವೆ ಇಟ್ಟು ಕುಳಿತಳು. ಒಳಗೆ ಕೇಳಿದ್ದನ್ನು, ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಅವನಿಗೆ ಒಪ್ಪಿಸಿದಳು. ಅವನು ತನ್ನ ಕಂಡಕ್ಟರಿಕೆಯ ಸೀಟಿಯನ್ನು ಬೆರಳಲ್ಲಿ ತಿರುಗಿಸಿದ.

"ಒಂದ ತೊಂದ್ರಿ ಆಗೇತ್ರಿ."

"ಹೊಸಾ ಗುಳಿಗಿದೇನು? ರಂಜನಾಗ ಹೇಳ್ರಿ, ಬರಕೋತಾಳ."

"ಅಕಿ ಬರಕೊಳ್ಳೂವಂಥದ್ದಲ್ಲ. ಇತ್ತಿತ್ತಲಾಗ ನಿಮಗ ಅಕ್ಕೋರ ಅನ್ನಾಕ ನನ್ನ ಬಾಯಿ ಬರವಲ್ದು."

ಸಂಘಮಿತ್ರಾ ಮುಚ್ಚಳ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಆಮೇಲೆ ಹೇಳಿದಳು:

"ನನ್ನ ಬಾಯಿಗೂ ನಿಮ್ಮದ ಬಿಟ್ಟು ಬೇರೆ ಹೆಸರು ಬರೂದಿಲ್ಲ. ಆದರ ಒಂದು ಷರತ್ತು. ನಿಮ್ಮವ್ವ ನಮ್ಮ ಮನಿಗೆ ಬಂದು, ನಮ್ಮ ತಾಟನ್ಯಾಗ, ನನ್ನ ಕೈಯಿಂದ ರೊಟ್ಟಿ ಉಣ್ಣಬೇಕು. ಅಲ್ಲೀತನಾ ನಾ ನಿಮಗ ಅಕ್ಕೋರ. ಉಣ್ಣದಿದ್ರ ಕಡೀತನಾ ಅಕ್ಕೋರ."

ಹೇಳಿ ಡಬ್ಬಿಯ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿದಳು.

ಸಿದ್ದಕ್ಕ ಒಂದು ಸಂಜೆ ಬನಹಟ್ಟಿಗೆ ಒಬ್ಬಳೇ ಬಂದಳು. ಹಾಲೇಶನದು ಡ್ಯೂಟಿ, ಮುಂದಿನ ಬಸ್ಸಿಗೆ ಬರುವವನಿದ್ದ. ಪಕ್ಕದ ಮನೆಯ ಪಾವರ್‌ಲೂಮು ಖಟಖಟ ಹೊಡೆದುಕೊಳ್ಳುತ್ತಿತ್ತು. ಸಂಘಮಿತ್ರಾಳ ತಾಯಿ ಮಾದೇವಿ ನೀರು ಕೊಟ್ಟಳು. ಸಂಘಮಿತ್ರಾ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಇಟ್ಟ ತಾಟನ್ನು ತಂದಿಟ್ಟಳು.

ಸಿದ್ದಕ್ಕ ತಾಟನ್ನು ನೋಡಿದಳು. ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ಸರಿಸಿದಳು.

"ಒಲ್ಲೆ ಯವ್ವಾ. ಈಗ ಬ್ಯಾಡ."

ಮಾದೇವಿಯ ಮುಖ ಬಾಡಿತು. ಸಂಘಮಿತ್ರಾ ಅಡುಗೆಮನೆಗೆ ಹೋದಳು. ಹುಲೆಪ್ಪ ಹಿಂದೆಯೇ ಬಂದರು.

"ಶುರು ಮಾಡಬ್ಯಾಡ ಮಗಳ."

"ಇದು ನಮ್ಮ ಆತ್ಮಗೌರವದ ಪ್ರಶ್ನೆ, ಅಪ್ಪಾ." ಮಾತು ಆಗಲೇ ಪಠ್ಯಪುಸ್ತಕಕ್ಕೆ ಏರಿತ್ತು.

"ಆಕಿ ನೀರ ಕುಡದಾಳ, ನೀ ನೋಡಲಿಲ್ಲ. ನಮ್ಮ ತಂಬಿಗಿಗೆ ಬಾಯಿ ಹಚ್ಚಿ ಪೂರಾ ಕುಡದಾಳ. ನಮ್ಮಪ್ಪ ಇದ್ದಿದ್ರ ಅಷ್ಟ ನೋಡಿ ಅತ್ತಬಿಡ್ತಿದ್ದ."

"ನೀರು ಬ್ಯಾರೆ, ರೊಟ್ಟಿ ಬ್ಯಾರೆ."

"ಹಂಗಾರ ತಾಸ ತಡಿ. ಹಿಂದಕ ಒಬ್ಬಾಂವಗ ತಡೀದ ಬೈದು ಏನಾತು, ಗೊತ್ತೈತಲ್ಲ?"

"ಏನಾತು?"

"ಅವರವ್ವ ನಮ್ಮ ಮನ್ಯಾಗ ಬಂದ ಕುಂತಾಳ."

ಸಂಘಮಿತ್ರಾ ತಡೆದಳು. ಸತ್ಯಕ್ಕಾಗಿ ಮಾತನಾಡುವುದು ಅವಳಿಗೆ ಎಂದೂ ಕಷ್ಟವೆನಿಸಿರಲಿಲ್ಲ; ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವಳಿಗೆ ಯಾವ ಪಾಠದಲ್ಲೂ ಯಾರೂ ಕಲಿಸಿರಲಿಲ್ಲ. ಹೊರಗೆ ಸಿದ್ದಕ್ಕ ಗೋಡೆಗೆ ಒರಗಿ, ತಾಟಿನ ಮೇಲೆ ಕಣ್ಣು ಹೋದಾಗಲೆಲ್ಲ ನಿಟ್ಟುಸಿರು ಬಿಡುತ್ತ, ಕುರಿಗಳ ಕಾಲುಬೇನೆಯ ಬಗ್ಗೆ ಮಾತನಾಡುತ್ತಿದ್ದಳು. ಹುಲೆಪ್ಪ ಮರಳಿ ಹೋಗಿ ಕುಳಿತು ಹೂಂಗುಟ್ಟುತ್ತಿದ್ದರು. ಎಣ್ಣೆಗಾಯಿ ಆರಿತು.

ಆಗ ಸಂಘಮಿತ್ರಾಳ ಮೊಬೈಲು ಒಂದೇ ಸಲ ಹೊಡೆದು ನಿಂತಿತು.

ಸಿದ್ದಕ್ಕ ಥಟ್ಟನೆ ನೆಟ್ಟಗಾದಳು. "ನಮ್ಮ ಹಾಲ್ಯಾಂದ ಏನವಾ?"

"ಹೂಂ ರಿ," ಎಂದಳು ಸಂಘಮಿತ್ರಾ ಬಾಗಿಲಿಗೆ ಬಂದು.

"ಹಂಗಾರ ಅವನ ತಾಸ ಮುಗೀತು. ತಾ ಇಲ್ಲೆ ಆ ತಾಟ. ಹೊಟ್ಯಾಗ ಇಲಿ ಓಡ್ಯಾಡಾಕತ್ತಾವು." ಸಿದ್ದಕ್ಕ ರೊಟ್ಟಿ ಮುರಿದಾಗಲೇ ಎಲ್ಲರ ಮುಖವನ್ನು ನೋಡಿದ್ದು. "ಯಾಕ, ಅಂವ ಹೇಳಿಲ್ಲೇನು? ನನ್ನ ಮಗ ಹಸದ ಹೊಟ್ಟೀಲೆ ಇರೂ ಹೊತ್ತಿನ್ಯಾಗ ನಾ ಉಣ್ಣಂಗಿಲ್ಲ ಅಂತ ಬೀರಪ್ಪಗ ಬೇಡಿಕೊಂಡೇನಿ. ನೀರಷ್ಟ ನಡೀತೈತಿ. ಅಂವಗ ನಡೀತೈತಲ್ಲ, ಹಂಗ."

ಸಿದ್ದಕ್ಕ ಎಣ್ಣೆಗಾಯಿಯನ್ನು ಸವಿಯುತ್ತ ತಲೆಯೆತ್ತಿದಳು.

"ನೀ ಉಂಡಿಯೇನ ತಂಗಿ?"

"ಇಲ್ರಿ."

"ಯಾಕ?"

ಉತ್ತರ ಕೊಟ್ಟವಳು ಮಾದೇವಿ. "ಆ ಮಿಸ್ ಕಾಲ್ ಬರೂತನಾ ಆಕಿ ತಾಟ ಮುಟ್ಟಂಗಿಲ್ರೀ ಅಕ್ಕಾ. ತಿಂಗಳಾನಗಟ್ಲೆ ಆತು, ನೋಡಾಕತ್ತೇನಿ."

ಸಿದ್ದಕ್ಕ ಸಂಘಮಿತ್ರಾಳನ್ನು ದೀರ್ಘವಾಗಿ ನೋಡಿದಳು. ಕೈಯಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ತಾಟಿನ ಆ ಬದಿಗೆ ಇಟ್ಟಳು.

"ಕುಂದರ ಹಂಗಾರ. ಇಬ್ಬರದೂ ಒಂದ ಉಪಾಸ. ಒಂದ ತಾಟನ್ಯಾಗ ಬಿಡೂಣು."

ಹಾಲೇಶ ಖಾಕಿ ಅಂಗಿಯಲ್ಲಿ ಓಡುತ್ತ ಬಂದು ಬಾಗಿಲಲ್ಲಿ ನಿಂತಾಗ ಇಬ್ಬರೂ ಒಂದೇ ತಾಟಿಗೆ ಕೈ ಹಾಕಿದ್ದರು. "ಅಕ್..." ಎಂದು ಆರಂಭಿಸಿದವನು ತಾಯಿಯ ಕೈಯಲ್ಲಿದ್ದ ತುತ್ತನ್ನು ಕಂಡ. ಮೊದಲ ಸಲ ಪಾಠ ಓದಲು ಎದ್ದುನಿಂತ ಹುಡುಗನಂತೆ ಗಂಟಲು ಸರಿಮಾಡಿಕೊಂಡ.

"ಸಂಘಮಿತ್ರಾ," ಎಂದ. "ರೊಟ್ಟಿ ಇನ್ನೂ ಐತೇನು?"

"ಇದ್ದವು. ನಿಮ್ಮವ್ವ ಮೂರನೇದು ಹಿಡದಾರ," ಎಂದು ಅವಳು ಎದ್ದಳು. "ಹೊಸಾದು ಬಡೀತೇನಿ, ತಡೀರಿ. ನಿಮಗ ಕಾಯೂದು ರೂಢಿ ಐತಲ್ಲ."

ಹಾದುಹೋಗುವಾಗ ಅವನು ಬಗ್ಗಿ ಅವಳ ಮುಖವನ್ನು ನೋಡಿದ, ಬಸ್ಸಿನಲ್ಲಿ ನೋಡುತ್ತಿದ್ದಂತೆಯೇ.

"ಕಣ್ಣು ಊದ್ಯಾವಲ್ಲ."

"ಗುಳಿಗಿದು."

"ಗುಳಿಗಿ ಬೆಳಿಗ್ಗಿ ಅಷ್ಟ ಊದಸತೈತಿ, ಸಂಜಿಗೆ ಇಳೀತಾವು ಅಂತ ಹೇಳಿದ್ರಿ."

ಸಂಘಮಿತ್ರಾ ಒಳಗೆ ಹೋಗಿ ಹಿಟ್ಟು ಕಲೆಸಿದಳು. ಪಕ್ಕದ ಮನೆಯ ಮಗ್ಗದ ಸದ್ದಿಗೆ ಸರಿಯಾಗಿ ಅವಳ ಅಂಗೈ ರೊಟ್ಟಿ ಬಡಿಯತೊಡಗಿತು.