ಈ ಸಲ ರಬ್ಬರ್ ಬ್ಯಾಡ

"ಈ ಸಲ ರಬ್ಬರ್ ಬ್ಯಾಡ್ರಿ ಮಿಸ್ತ್ರಿ. ಹೊಸ ಸ್ಪ್ರಿಂಗ್ ಹಾಕಿಬಿಡ್ರಿ."

ದಾರಿಯುದ್ದಕ್ಕೂ ರಶೀದಾ ಈ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ಮುಂಬಯಿಯ ಆಂಟಾಪ್ ಹಿಲ್‌ನ ಆ ಪುಟ್ಟ ಗ್ಯಾರೇಜಿನ ಮುಂದೆ ಅವಳ ಹಳೆಯ ಬಿಳಿ ಸೆಡಾನ್, ಕಾವಿಗೆ ಕೂತ ಕೋಳಿಯ ಹಾಗೆ ಹಿಂಭಾಗ ಕುಸಿದು ನಿಂತಿತ್ತು.

ಇಜಾಜ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. "ಯಾಕ್ರಿ ಭಾಬಿ, ರಬ್ಬರ್ ಏನ್ ತಪ್ಪ್ ಮಾಡೇತಿ?"

"ಏನೂ ಮಾಡಿಲ್ಲ. ಸಾಕಾತು, ಅಷ್ಟ."

ಕಾರು ಅವಳ ಗಂಡ ಮುಶರಫನದು. ಗಾಡಿ ರಸ್ತೆಗೆ ಅಂಟಿಕೊಂಡು ಓಡಬೇಕೆಂಬ ಹುಚ್ಚು ಅವನಿಗೆ. ಸ್ಪ್ರಿಂಗುಗಳನ್ನು ತುಂಡು ಮಾಡಿಸಿ ಕಾರನ್ನು ತಗ್ಗಿಸಿದ್ದ. ಆಮೇಲೊಂದು ಜ್ವರ ಬಂತು, ಮನುಷ್ಯ ಹೋದ, ತಗ್ಗಿದ ಕಾರು ಉಳಿಯಿತು. ರಶೀದಾ ಶಾಲೆಯ ಯೂನಿಫಾರ್ಮ್ ಹೊಲಿಯತೊಡಗಿದಳು. ಗಂಟುಗಳನ್ನು ಡಿಕ್ಕಿಗೆ ತುಂಬಿ ವಿಕ್ರೋಳಿ, ಮುಲುಂಡ್ ಎಂದು ತಾನೇ ಡ್ರೈವ್ ಮಾಡಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಆ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಇನ್ನಷ್ಟು ಕುಸಿದು, ಸ್ಪೀಡ್ ಬ್ರೇಕರ್ ಸಿಕ್ಕಲ್ಲೆಲ್ಲ ಕಾರಿನ ಹೊಟ್ಟೆ ತರಚುತ್ತಿತ್ತು.

ಮುಶರಫನ ಜೀವದ ಗೆಳೆಯ ಇಜಾಜ ಪ್ರತಿ ಸಲವೂ ಜಾಕ್ ಹಾಕಿ, ಸ್ಪ್ರಿಂಗಿನ ಸಂದಿಗೆ ರಬ್ಬರ್ ತುರುಕಿ, ಕಾರನ್ನು ಎತ್ತಿಕೊಡುತ್ತಿದ್ದ. ರಬ್ಬರ್ ಸವೆಯುತ್ತಿತ್ತು, ಕಾರು ಮತ್ತೆ ಕೂರುತ್ತಿತ್ತು, ರಶೀದಾ ಮತ್ತೆ ಬರುತ್ತಿದ್ದಳು. ಹೊಸ ಸ್ಪ್ರಿಂಗ್ ಹಾಕಿದರೆ ಈ ರಗಳೆಯೇ ಇಲ್ಲವೆಂದು ಅವನು ಒಮ್ಮೆಯೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಾರು ವಾಸಿಯಾಗುವುದು ಇಬ್ಬರಿಗೂ ಬೇಕಿರಲಿಲ್ಲ.

ಅವನು ಕಾರಿನ ಅಡಿಯಲ್ಲಿ ಮಲಗಿದರೆ ಕಾಲುಗಳಷ್ಟೇ ಕಾಣುತ್ತಿದ್ದವು. ಚಹಾ ಗುಟುಕರಿಸುತ್ತ ಅವಳು ಆ ಕಾಲುಗಳ ಜೊತೆ ಏನೆಲ್ಲ ಮಾತಾಡಿದ್ದಳು! ಅವನು ಅವಳನ್ನು ಭಾಬಿ ಎನ್ನುತ್ತಿದ್ದ. ಅವನನ್ನು ಭಾಯಿ ಎನ್ನಲು ಮಾತ್ರ ಅವಳ ನಾಲಿಗೆ ಒಪ್ಪಲಿಲ್ಲ. ಅದಕ್ಕೇ ಈ ಮಿಸ್ತ್ರಿ.

"ಹೊಸಾದು ಹಾಕ್ಬೇಕಂದ್ರ ಲೋಡ್ ಹೇಳ್ಬೇಕ್ರಿ," ಎಂದ ಇಜಾಜ. "ಹಿಂದ ಎಷ್ಟ್ ಮಂದಿ ಕುಂದರತಾರ?"

"ಇಬ್ರು ಮಕ್ಕಳು. ಅವರ ಅಜ್ಜಿ."

"ಯಾರ್ ಮಕ್ಕಳು?"

ರಶೀದಾ ಕಾರಿನ ಕಡೆ ನೋಡುತ್ತ ಹೇಳಿದಳು. "ಬೆಳಗಾವ್ಯಾಗ ಗುಡುಸಾಬ ಅಂತ ಅದಾರ. ಹೆಂಡ್ತಿ ತೀರ್ಕೊಂಡಾಳ. ಬರೂ ಶುಕ್ರವಾರ ನಮ್ಮ ನಿಕಾಹ್."

ಅವನು ಕೈಲಿದ್ದ ಸ್ಪ್ಯಾನರ್ ಬಿಸಾಕಬಹುದು, ಬೈಯಬಹುದು ಎಂದೆಲ್ಲ ಅವಳು ಅಂದುಕೊಂಡಿದ್ದಳು. ಹಾಗಾಗಲೆಂದೇ ಬಂದಿದ್ದಳು ಎಂದರೂ ಸರಿ. ಇಜಾಜ ಕಾರಿನ ಸುತ್ತ ಒಂದು ಸುತ್ತು ಬಂದು, "ಹಂಗಂದ್ರ ಗಟ್ಟಿ ಸ್ಪ್ರಿಂಗ್ ಬೇಕು," ಎಂದ.

ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಆ ಮಧ್ಯಾಹ್ನ ಅವನು ಮತ್ತೆ ಕಾರಿನ ಅಡಿ ಮಲಗಿದ. ತುಕ್ಕು ಹಿಡಿದ ಮೋಟು ಸ್ಪ್ರಿಂಗುಗಳು ಹೊರಬಂದವು, ಉದ್ದನೆಯ ಹೊಸವು ಒಳಗೆ ಕೂತವು. ಜಾಕ್ ಇಳಿಸಿದಾಗ ಕಾರು ನೆಟ್ಟಗೆ, ಸರಿಸಮನಾಗಿ ನಿಂತಿತ್ತು. ಎಷ್ಟು ಚೆಂದ ಕಾಣುತ್ತಿದೆ ಎನಿಸಿ ರಶೀದಾ ಮುಖ ತಿರುಗಿಸಿದಳು.

"ಭಾರ ಹಾಕಿ ನೋಡ್ಬೇಕ್ರಿ. ನೀವು ಹಿಂದ ಕುಂದರ್ರಿ," ಎಂದು ಅವನು ಸೀಟಿನ ಮೇಲೆ ಮರಳಿನ ಚೀಲಗಳನ್ನು ಇಟ್ಟ. ಒಂದು ಅಜ್ಜಿಯ ಬದಲಿಗೆ, ಒಂದು ಹುಡುಗನ ಬದಲಿಗೆ. ಉಳಿದ ಜಾಗದಲ್ಲಿ ರಶೀದಾ ಮುದುರಿ ಕೂತಳು.

ಕಾರು ಹೊರಟಿತು. ಕನ್ನಡಿಯಲ್ಲಿ ಅವನ ಕಣ್ಣುಗಳು ಸಿಕ್ಕವು. ಅವನು ಅವಸರದಿಂದ ಕನ್ನಡಿಯನ್ನು ಆಚೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಈಚೆ ತಿರುಗಿಸಿದ, ಈ ಸಲ ಅವಸರವಿರಲಿಲ್ಲ. ಅವಳು ದುಪಟ್ಟಾ ಸರಿಮಾಡಿಕೊಂಡಳು, ಕಣ್ಣು ಮಾತ್ರ ತೆಗೆಯಲಿಲ್ಲ.

ಗಲ್ಲಿಯ ತಿರುವಿನ ಸ್ಪೀಡ್ ಬ್ರೇಕರ್ ಬಂತು. ಇಬ್ಬರೂ ಉಸಿರು ಬಿಗಿಹಿಡಿದರು. ಕಾರು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಸದ್ದೇ ಇಲ್ಲ.

ಇಜಾಜ ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

"ಇಲ್ಲಿ ಗರ್ ಅಂತ ಕೆರೀತಿತ್ತಲ್ರಿ, ಅದನ್ನ ಕೇಳಿ ನಾ ಚಾ ಹೇಳ್ತಿದ್ದೆ. ನೀವು ಬಂದ್ರಿ ಅಂತ."

"ಚಾ ಅಷ್ಟ ಹೇಳಿದ್ರಿ," ಎಂದಳು ರಶೀದಾ. "ಮತ್ತೇನೂ ಹೇಳ್ಲಿಲ್ಲ."

"ಮುಶರಫನ ಗಾಡಿ ಮುಂದ ನಿಂತು ಹೆಂಗ್ ಹೇಳ್ಲಿ?"

"ರಬ್ಬರ್ ಲಗೂನ ಸವೀಲಿ ಅಂತ ಸ್ಪೀಡ್ ಬ್ರೇಕರ್ ಮ್ಯಾಲ ಬೇಕಂತ ಜೋರ್ ಹೊಡೀತಿದ್ದೆ ನಾ. ತಿಳೀಲಿಲ್ಲೇನ್ ನಿಮಗ?"

"ತಿಳಿದಿತ್ತು. ನಾನೂ ಸಣ್ಣ ಸೈಜಿನ ರಬ್ಬರ್ ಹಾಕ್ತಿದ್ದೆ. ಲಗೂನ ಜಾರ್ಲಿ ಅಂತ."

ರಶೀದಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಮರಳಿನ ಚೀಲದ ಮೇಲೆ ಕೈಯೂರಿ ನಗುತ್ತಿದ್ದವಳಿಗೆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಇಷ್ಟು ವರ್ಷ ಇಬ್ಬರೂ ಸೇರಿ ಒಂದು ಕಾರನ್ನು ಕೆಡಿಸಿದ್ದರು, ಒಂದು ಮಾತನ್ನು ಆಡಿರಲಿಲ್ಲ.

"ಹಳೇ ಸ್ಪ್ರಿಂಗ್ ಗ್ಯಾರೇಜಿನ್ಯಾಗ ಅದಾವ," ಎಂದ ಇಜಾಜ. "ನನ್ನ ಜೀವಾ ನಿಮ್ಮ ಮ್ಯಾಲ ಐತಿ. ಹೂಂ ಅನ್ರಿ, ಈಗ ಹೋಗಿ ತಿರುಗಿ ಹಾಕ್ತೀನಿ. ನೀವು ಎಲ್ಲಿಗೂ ಹೋಗೂದು ಬ್ಯಾಡ."

ಅವಳು ಬಾಯಿ ತೆರೆದಳು. ಹೂಂ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ತೊಡೆಯ ಮೇಲಿದ್ದ ಮೊಬೈಲನ್ನು ಆಫ್ ಮಾಡಲು ಹೋಗಿ ಸ್ಪೀಕರ್ ಒತ್ತಿಬಿಟ್ಟಳು.

"ಅಮ್ಮಿ, ಗಾಡಿ ರೆಡಿ ಆತೇನ್ರಿ? ಕಿಡಕಿ ಸೀಟ್ ನಂದು! ಅಣ್ಣಾಗ ಹೇಳ್ರಿ!"

ಗುಡುಸಾಬನ ಇಬ್ಬರು ಮಕ್ಕಳಲ್ಲಿ ಕಿರಿಯವಳು, ಶಬ್ರೀನ. ಹೆಣ್ಣು ನೋಡಲು ಬಂದ ದಿನ ರಶೀದಾಳ ದುಪಟ್ಟಾದ ತುದಿ ಹಿಡಿದುಕೊಂಡು ಆ ಮಗು ಒಂದೇ ಮಾತು ಕೇಳಿತ್ತು: ನೀವೂ ಬಿಟ್ಟ್ ಹೋಗ್ತೀರೇನ್ರಿ? ಇಲ್ಲ ಎಂದಿದ್ದಳು ರಶೀದಾ. ಗುಡುಸಾಬನಿಗೆ ಕೊಟ್ಟ ಮಾತನ್ನು ಮುರಿಯಬಹುದಿತ್ತು. ಅವನಿಗೆ ಬೇರೆ ಹೆಂಡತಿ ಸಿಗುತ್ತಿದ್ದಳು. ಆ ಮಗುವಿಗೆ ಕೊಟ್ಟಿದ್ದನ್ನು ಮುರಿಯುವ ಧೈರ್ಯ ಅವಳಲ್ಲಿರಲಿಲ್ಲ.

"ಹೂಂ ಬೇಟಾ," ಎಂದಳು. ಆ ಹೂಂ ಬೇರೆಯವರ ಪಾಲಾಯಿತು. "ಕಿಡಕಿ ಸೀಟ್ ನಿಂದ."

ಕನ್ನಡಿಯಲ್ಲಿ ಇಜಾಜ ಕಣ್ಣು ಮುಚ್ಚಿಕೊಂಡಿದ್ದ. ಕಣ್ಣು ತೆರೆದವನು ಕಾರನ್ನು ಗ್ಯಾರೇಜಿನತ್ತ ತಿರುಗಿಸಿದ.

ಚೀಲಗಳನ್ನು ಇಳಿಸಿ, ಸೀಟಿನ ಮೇಲೆ ಉದುರಿದ ಮರಳನ್ನು ಅವನು ಕೈಯಿಂದಲೇ ಬಳಿದು ತೆಗೆದ. ಆಮೇಲೆ ಸ್ಕ್ರೂಡ್ರೈವರ್ ತಂದು ಹಿಂದಿನ ಬಾಗಿಲುಗಳ ಅಂಚಿನಲ್ಲಿ ಏನನ್ನೋ ಒತ್ತತೊಡಗಿದ.

"ಏನ್ ಮಾಡಾಕತ್ತೀರಿ?"

"ಚೈಲ್ಡ್ ಲಾಕ್ ಹಾಕಾಕತ್ತೀನಿ. ಸಣ್ಣಾಕಿ ಕಿಡಕಿ ಕಡೆ ಕುಂದರತಾಳಲ್ರಿ. ಒಳಗಿಂದ ಬಾಗ್ಲಾ ತಗದ್ರ ಬಿದ್ದಾಳು."

ಅವನು ತಾನೇ ಹಿಂದೆ ಕೂತು, ಬಾಗಿಲು ಹಾಕಿಕೊಂಡು, ಒಳಗಿನ ಹಿಡಿಯನ್ನು ಎಳೆದು ನೋಡಿದ. ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಜೋರಾಗಿ ಎಳೆದ. ರಶೀದಾ ಹೊರಗಿನಿಂದ ತೆಗೆದ ಮೇಲೆಯೇ ಅವನು ಇಳಿಯಲು ಆದದ್ದು.

"ಗಟ್ಟಿ ಐತಿ," ಎಂದು ಕೀಲಿಯನ್ನು ಅವಳ ಕೈಗೆ ಕೊಡದೆ ಬಾನೆಟ್ಟಿನ ಮೇಲಿಟ್ಟ. "ಹೋಗ್ಬರ್ರಿ."

ಸಾಯನ್ ಸಿಗ್ನಲ್ಲಿನಲ್ಲಿ ಹಸಿರು ದೀಪ ಹತ್ತಿದರೂ ರಶೀದಾಗೆ ಗಿಯರ್ ಹಾಕಲು ಕೈ ಏಳಲಿಲ್ಲ. ಹಿಂದಿನ ಟ್ಯಾಕ್ಸಿ, ಟೆಂಪೋಗಳೆಲ್ಲ ಹಾರ್ನ್ ಹೊಡೆದವು, ಒಬ್ಬ ಇಳಿದು ಬಂದು ಕಿಟಕಿ ಬಡಿದ. ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿ ಅಳುತ್ತಲೇ ಇದ್ದಳು.